ಅಜ್ಜಿಯ ಹಲ್ಲು, ಲವೀನಾ ಆಂಟಿಯ ಚುನಾವಣೆ

ಆ ದಿನಗಳಲ್ಲಿ ಅಮೆರಿಕದ ಸಮಾಮಿಶ್‌ನ ನಮ್ಮ ಬೀದಿಯಲ್ಲಿ ಆಗಸ್ಟ್ ಎಂದರೆ ಬೇಲಿಯಲ್ಲಿ ಬಿಸಿಲಿಗೆ ಘಮಘಮಿಸುವ ಬ್ಲ್ಯಾಕ್‌ಬೆರಿ, ನೇರಳೆಗಟ್ಟಿದ ನಾಲಿಗೆ. ನನಗೆ ಹನ್ನೊಂದಾದ ವರ್ಷ ಅದರ ಜೊತೆ ಚುನಾವಣೆಯೂ ಬಂತು. ಎದುರುಮನೆಯ ಲವೀನಾ ಆಂಟಿ, ಮಂಗಳೂರಿನವರು, ನಮ್ಮೆಲ್ಲರ ಹಲ್ಲಿನ ಡಾಕ್ಟರು, ನಗರಸಭೆಗೆ ನಿಂತಿದ್ದರು. ಅವರ ಮಗಳು ರಿಯಾ ಮತ್ತು ನಾನು ಮನೆಮನೆಗೆ ಕರಪತ್ರ ಹಂಚಿ ಬಂದರೆ ಆಂಟಿಯ ಬಿಸಿ ನೀರುದೋಸೆ ಸಿಗುತ್ತಿತ್ತು.

"ಎಷ್ಟು ಮನೆ ಆಯ್ತು ಮಾರಾಯ್ತಿ? ಮೊದ್ಲು ತಿನ್ನು."

ಪ್ರೈಮರಿ ಎಂಬ ಮೊದಲ ಸುತ್ತಿನ ಬ್ಯಾಲೆಟ್ ಅಂಚೆಯಲ್ಲಿ ಬಂದ ವಾರವೇ ಎಲ್ಲರ ಮನೆಗೂ ಎದುರಾಳಿಯ ಕಡೆಯಿಂದ ಒಂದು ಹೊಳಪಿನ ಕಾರ್ಡು ಬಂತು. ಅದರಲ್ಲಿ ಆಂಟಿಯ ಕಪ್ಪುಬಿಳುಪು ಫೋಟೋ, ಕೆಳಗೆ 'ವೃದ್ಧ ರೋಗಿಯ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ, ರಾಜ್ಯದ ಆರೋಗ್ಯ ಇಲಾಖೆಗೆ ದೂರು' ಎಂಬ ದಪ್ಪಕ್ಷರ. ತನಿಖೆಯಲ್ಲಿ ಆ ದೂರು ವಜಾ ಆಗಿತ್ತೆಂದು ಎಲ್ಲೂ ಹಾಕಿರಲಿಲ್ಲ. ಆ ರೋಗಿ ನನ್ನ ಅಜ್ಜಿ. ಎರಡು ವರ್ಷದ ಹಿಂದೆ, ಅಜ್ಜಿಯ ಹಲ್ಲಿನ ಹೊಸ ಕ್ಯಾಪ್ ಮುರಿದಾಗ ಸಿಟ್ಟಿನಲ್ಲಿ ದೂರು ಬರೆದವರು ಅಪ್ಪ.

ಅದು ಯಾಕೆ ಮುರಿಯಿತೆಂದು ನನಗೆ ಗೊತ್ತಿತ್ತು. ಗಟ್ಟಿಯಾದದ್ದೇನೂ ಕಡಿಯಬಾರದೆಂದು ಆಂಟಿ ಸಾರಿ ಸಾರಿ ಹೇಳಿದ್ದರು. ಮೈಸೂರಿನಿಂದ ತಂದ ಕೊಡುಬಳೆಯನ್ನು ಅಜ್ಜಿ ಕದ್ದು ತಿಂದಿದ್ದರು. ಬಾಗಿಲಲ್ಲಿ ಕಾವಲು ನಿಂತಿದ್ದವಳು ನಾನು.

"ನಿಮ್ಮಪ್ಪಂಗೆ ಹೇಳ್ಬೇಡ ಪುಟ್ಟಿ."

ಕಾರ್ಡು ಬಂದ ಮರುದಿನ ಆಂಟಿ ನಮ್ಮ ಮನೆಗೆ ಬಂದರು.

"ದೂರು ವಜಾ ಆಗಿದೆ, ನಂಗೇನೂ ತಕರಾರಿಲ್ಲ ಅಂತ ಎರಡು ಲೈನ್ ಬರೆದು ಕೊಡಿ ಸುರೇಶಣ್ಣ. ಅಷ್ಟೇ ಸಾಕು."

ದೂರು ಕೊಟ್ಟವರು ಯಾರೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನನಗೆ ದೋಸೆ ಹಾಕುತ್ತಿದ್ದರು.

"ನೋಡೋಣ ಡಾಕ್ಟ್ರೇ" ಎಂದರು ಅಪ್ಪ.

ಆಂಟಿ ಹೋದ ಮೇಲೆ ನಾನು ತಡೆಯಲಾರದೆ ಕೊಡುಬಳೆಯ ಕಥೆ ಹೇಳಿಬಿಟ್ಟೆ. ಅಪ್ಪನ ಮುಖ ಕಪ್ಪಿಟ್ಟಿತು.

"ಈಗ ಬರ್ದುಕೊಟ್ರೆ ಸುಳ್ಳು ಕಂಪ್ಲೇಂಟ್ ಕೊಟ್ಟೋನು ಅಂತ ನನ್ನ ಹೆಸ್ರು ಹೊರಗೆ ಬರುತ್ತೆ. ನೀನು ಬಾಯ್ಮುಚ್ಕೊಂಡಿರು."

ಆ ಎರಡು ಸಾಲು ಅವರು ಬರೆಯಲೇ ಇಲ್ಲ. ಬದಲಿಗೆ ಊಟದ ಮೇಜಿನ ಮೇಲೆ ಬ್ಯಾಲೆಟ್ ಹರಡಿ, ಆಂಟಿಯ ಹೆಸರಿನ ಪಕ್ಕದ ಸೊನ್ನೆಯನ್ನು ಕಪ್ಪು ಪೆನ್ನಿನಿಂದ ನೀಟಾಗಿ ತುಂಬಿ ನನಗೆ ತೋರಿಸಿದರು.

"ನೋಡು, ನಮ್ಮ ವೋಟು ಅವ್ರಿಗೇ."

ಅಷ್ಟು ಅಸಹ್ಯ ನನಗೆ ಯಾರ ಮೇಲೂ ಆಗಿರಲಿಲ್ಲ.

ಮುಂದಿನ ಸುತ್ತಿಗೆ ಇಬ್ಬರೇ ಹೋಗುವುದು, ಆಂಟಿ ಮೂರನೆಯವರಾದರು. ಮರುವರ್ಷ ಅವರು ಮನೆ ಮಾರಿ ಕೆನ್ಮೋರ್‌ಗೆ ಹೋದರು. ರಿಯಾ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಬೇಲಿಯಲ್ಲಿ ಹಣ್ಣು ಈಗಲೂ ಬಿಡುತ್ತದೆ, ನಾನು ಮುಟ್ಟುವುದಿಲ್ಲ.

ನಮ್ಮವರು ಯಾರೂ ಚುನಾವಣೆಗೆ ನಿಲ್ಲುವುದೇ ಇಲ್ಲವೆಂದು ಅಪ್ಪ ಇವತ್ತಿಗೂ ನೆಂಟರ ಮುಂದೆ ಕೊರಗುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ. ಎದುರು ಮಾತಾಡಲು ನನಗಾದರೂ ಯಾವ ಮುಖ? ಆಗ ರಸ್ತೆ ದಾಟಿದರೆ ಆಂಟಿಯ ಮನೆ ಇಪ್ಪತ್ತು ಹೆಜ್ಜೆ. ಕೊಡುಬಳೆಯ ವಿಷಯ ಅಲ್ಲಿಗೆ ಹೋಗಿ ಹೇಳಬಹುದಿತ್ತು. ನಾನೂ ಹೇಳಲಿಲ್ಲ.