ಹೇಳಬಾರದ ರಸ್ತೆ

ಡಾಕ್ಟರು ಮದುವೆಮನೆಗೆ ಹೋದರೆ ನಾಲ್ಕು ಜನ ಮೊಣಕಾಲು ತೋರಿಸುತ್ತಾರೆ. ವಕೀಲರು ಹೋದರೆ ಯಾರದೋ ಸೈಟಿನ ವ್ಯಾಜ್ಯ ಊಟದೆಲೆಯ ಪಕ್ಕಕ್ಕೇ ಬಂದು ಕೂರುತ್ತದೆ. ನಾನು ಹೋದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಎಲ್ಲಿ ಮನೆ ತಗೊಂಡ್ರೆ ಒಳ್ಳೇದು ಹೇಳಿ!”

ಕ್ವಾಲಾಲಂಪುರದ ಪಕ್ಕದ ಒಂದು ನಗರಸಭೆಯಲ್ಲಿ ನಾನು ಟೌನ್ ಪ್ಲಾನರ್. ಮೈಸೂರಿನಿಂದ ಓದಲೆಂದು ಬಂದವಳು, ಇಲ್ಲಿಯ ತಮಿಳರ ಹುಡುಗನನ್ನು ಮದುವೆಯಾಗಿ ಇಲ್ಲಿಯವಳೇ ಆಗಿಬಿಟ್ಟೆ. ಯಾವ ಬೀದಿ ಅಗಲವಾಗಬೇಕು, ಯಾವ ಮೈದಾನ ಮೈದಾನವಾಗಿಯೇ ಉಳಿಯಬೇಕು ಎಂದು ನಕ್ಷೆಯ ಮೇಲೆ ಬಣ್ಣ ಬಳಿಯುವುದು ನನ್ನ ಉದ್ಯೋಗ. ಆದರೆ ಆ ನಕ್ಷೆ ಸಾರ್ವಜನಿಕರ ಮುಂದೆ ಬರುವವರೆಗೆ ಅದರ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಹಾಗೆಂದು ಸಹಿ ಮಾಡಿಕೊಟ್ಟಿದ್ದೇನೆ. ಸಹಿ ಮಾಡಿದ್ದು ಕೈ, ಪಾಲಿಸಬೇಕಾದದ್ದು ಮುಖ. ನನ್ನ ಮುಖವೋ, ಒಳಗೆ ಏನಿದೆಯೆಂದು ಮುಚ್ಚಳ ತೆಗೆಯದೆಯೇ ಕಾಣುವ ಗಾಜಿನ ಡಬ್ಬಿ. ಗಂಡನ ಹುಟ್ಟುಹಬ್ಬಕ್ಕೆ ತಂದ ಶರ್ಟನ್ನು ಒಂದು ದಿನ ಬಚ್ಚಿಡುವುದಕ್ಕೂ ನನ್ನಿಂದ ಆದದ್ದಿಲ್ಲ.

ಇಂಥವಳನ್ನು ವನಮಾಲಾ ಒಂದು ಭಾನುವಾರ ಮನೆ ನೋಡಲು ಕರೆದಳು.

ವನಮಾಲಾ ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಕನ್ನಡದ ಗೆಳತಿ. ನನ್ನ ಹೆರಿಗೆಯ ಹೊತ್ತಿಗೆ ಅಮ್ಮನ ವೀಸಾ ತಡವಾದಾಗ ಆಸ್ಪತ್ರೆಯಲ್ಲಿ ಮೂರು ದಿನ ನನ್ನ ಪಕ್ಕದಲ್ಲಿ ಕೂತವಳು. ಅವಳ ಗಂಡ ಗಿರೀಶ್ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಬಾಡಿಗೆ ಮನೆಗಳಲ್ಲಿ ಇದ್ದೂ ಇದ್ದೂ ಸಾಕಾಗಿ, ಕೊನೆಗೊಂದು ಅಪಾರ್ಟ್‌ಮೆಂಟು ಅವರ ಮನಸ್ಸಿಗೆ ಬಂದಿತ್ತು. ವಿಳಾಸ ಕೇಳಿದಾಗಲೇ ನನಗೆ ಸಣ್ಣಗೆ ಅಳುಕಾಯಿತು. ಅಲ್ಲಿಗೆ ಹೋಗಿ ಬಾಲ್ಕನಿಯಲ್ಲಿ ನಿಂತ ಮೇಲೆ ಅನುಮಾನಕ್ಕೂ ಜಾಗ ಉಳಿಯಲಿಲ್ಲ.

ಎದುರಿಗೆ ಹಸಿರೋ ಹಸಿರು. ಕೊಂಬೆಯಿಂದ ಕೊಂಬೆಗೆ ಎರಡು ಮಂಗಗಳು ಹಾರುತ್ತಿದ್ದವು.

“ಸರ್ಕಾರದ ಜಾಗ ಮೇಡಂ, ಇಲ್ಲಿ ಯಾರೂ ಬಿಲ್ಡಿಂಗ್ ಕಟ್ಟೋಕಾಗಲ್ಲ ಅಂತ ಏಜೆಂಟ್ ಹೇಳಿದ,” ಎಂದರು ಗಿರೀಶ್.

ಏಜೆಂಟ್ ಸುಳ್ಳು ಹೇಳಿರಲಿಲ್ಲ. ಅಲ್ಲಿ ಬಿಲ್ಡಿಂಗ್ ಬರುವುದಿಲ್ಲ. ನಾಲ್ಕು ಪಥದ ರಸ್ತೆ ಬರುತ್ತದೆ. ಆ ರಸ್ತೆಯನ್ನು ಕರಡು ನಕ್ಷೆಯಲ್ಲಿ ಎಳೆದವಳು ನಾನು. ಎರಡು ವರ್ಷ ಅದಕ್ಕಾಗಿ ದುಡಿದಿದ್ದೆ. ಮಂಗಗಳಿದ್ದ ಮರ ಸರಿಯಾಗಿ ಎರಡನೆಯ ಪಥದಲ್ಲಿತ್ತು.

“ಆಂಟಿ, ದಿಸ್ ಒನ್ ಮೈ ರೂಮ್!” ಎಂದು ಅವರ ಮಗಳು ದಿಯಾ ನನ್ನ ಕೈಹಿಡಿದು ಎಳೆದಳು. ಆ ಕೋಣೆಯ ಕಿಟಕಿಯೂ ಅದೇ ದಿಕ್ಕಿಗಿತ್ತು.

“ನಾಳೆ ಬಿಟ್ಟು ಮುಂದಿನ ಸೋಮವಾರ ಅಗ್ರಿಮೆಂಟಿಗೆ ಸೈನ್ ಹಾಕ್ತೀವಿ,” ಎಂದಳು ವನಮಾಲಾ. ಆಮೇಲೆ ನನ್ನ ಮುಖ ನೋಡಿದಳು. “ಏನೇ ಸುಮಾ? ಏನಾದ್ರೂ ಇದ್ಯಾ?”

“ಆಫೀಸಿನ ವಿಷಯ ನಾನು ಏನೂ ಹೇಳೋ ಹಾಗಿಲ್ಲ ಕಣೇ.”

“ಅಂದ್ರೆ ಏನೋ ಇದೆ.”

“ಏನೂ ಇಲ್ದಿದ್ರೂ ಇದನ್ನೇ ಹೇಳ್ತಿದ್ದೆ.”

“ಹಾಗಾದ್ರೆ ನಗ್ತಾ ಹೇಳು ನೋಡೋಣ.”

ನಕ್ಕೆ. ನಗದೆ ಇದ್ದಿದ್ದರೆ ವಾಸಿಯಿತ್ತು. ತಲೆನೋವಿನ ನೆಪ ಹೇಳಿ ನಾನು ಹೊರಟುಬಂದೆ.

ನಮ್ಮ ಹಳೆಯ ಶಿಲ್ಪಶಾಸ್ತ್ರಗಳಲ್ಲಿ ನಗರ ಕಟ್ಟುವವನಿಗೆ ಹೇಳದ ವಿಷಯವಿಲ್ಲ. ರಾಜಬೀದಿ ಎಲ್ಲಿರಬೇಕು, ಅಂಗಡಿಸಾಲು ಎಲ್ಲಿ, ಕೆರೆ ಯಾವ ದಿಕ್ಕಿಗೆ, ಎಲ್ಲ ಇದೆ. ಆದರೆ ಆಸ್ಪತ್ರೆಯಲ್ಲಿ ಮೂರು ದಿನ ಪಕ್ಕದಲ್ಲಿ ಕೂತಿದ್ದ ಗೆಳತಿ ಆ ರಾಜಬೀದಿಯ ಜಾಗದೆದುರೇ ಮನೆ ಕೊಳ್ಳಲು ಹೊರಟರೆ ಸ್ಥಪತಿ ಏನು ಮಾಡಬೇಕು ಎಂಬುದು ನಾನು ಓದಿದ ಯಾವ ಪುಟದಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ವಿಭಾಗದ ಮುಖ್ಯಸ್ಥೆ ಪುವಾನ್ ರೋಹಾನಿಯವರ ಕೋಣೆಗೆ ಹೋದೆ. ಪುವಾನ್ ಎಂದರೆ ನಮ್ಮ ಶ್ರೀಮತಿ ಇದ್ದ ಹಾಗೆ. ನಿಂತೇ ಎಲ್ಲ ಹೇಳಿದೆ.

“ಅವರಿಗೆ ಹೇಳಿದೆಯಾ?” ಎಂದು ಕೇಳಿದರು.

“ಬಾಯಿ ಹೇಳಿಲ್ಲ. ಮುಖದ ಬಗ್ಗೆ ಖಾತ್ರಿಯಿಲ್ಲ.”

ಅವರು ನಗಲಿಲ್ಲ. “ಕೌಂಟರಿನಲ್ಲಿ ಹಳೇ ನಕ್ಷೆ ಇದೆಯಲ್ಲ. ಆ ಜಾಗ ರಸ್ತೆಗೆ ಮೀಸಲು ಅಂತ ಅದರಲ್ಲೇ ಬರೆದಿದೆ. ಯಾರು ಬೇಕಾದರೂ ಬಂದು ನೋಡಬಹುದು. ಗುರುತಿಲ್ಲದವರು ಕೇಳಿದರೆ ಏನು ಹೇಳುತ್ತೀಯೋ ಅಷ್ಟನ್ನೇ ಅವಳಿಗೂ ಹೇಳು. ಒಂದು ಮಾತು ಹೆಚ್ಚು ಬೇಡ.” ಆಮೇಲೆ, “ಇವತ್ತಿನಿಂದ ಆ ಫೈಲನ್ನು ಫರೀದ್ ನೋಡಿಕೊಳ್ಳಲಿ,” ಎಂದರು.

ಎರಡು ವರ್ಷದ ಕೆಲಸ ಎರಡು ನಿಮಿಷದಲ್ಲಿ ಪಕ್ಕದ ಮೇಜಿಗೆ ಹೋಯಿತು. ಫರೀದ್ ಪಾಪದ ಮನುಷ್ಯ, “ಸಾರಿ ಕಾಕ್” ಎಂದ. ಇಲ್ಲಿ ಅಕ್ಕನನ್ನು ಕರೆಯುವುದು ಹಾಗೆ. ನಾನು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ವನಮಾಲಾಗೆ ಫೋನ್ ಮಾಡಿದೆ.

“ಮನೆ ತಗೊಳ್ಳೋರು ಯಾರೇ ಆಗಲಿ, ನಮ್ಮ ಕೌಂಟರಿಗೆ ಬಂದು ನಕ್ಷೆ ನೋಡೋದು ಒಳ್ಳೇದು.”

“ಇದು ನೀನು ಹೇಳ್ತಿರೋದಾ, ನಿಮ್ಮ ಆಫೀಸು ಹೇಳ್ತಿರೋದಾ?”

“ಆಫೀಸು.”

“ಹಾಗಾದ್ರೆ ಸುಮಾಗೆ ಫೋನ್ ಕೊಡು,” ಎಂದು ಇಟ್ಟುಬಿಟ್ಟಳು.

ಗುರುವಾರ ಅವಳು ಬಂದಳು. ಗಾಜಿನ ಬಾಗಿಲಾಚೆ ಗುಮಾಸ್ತೆ ಹಳೆಯ ನಕ್ಷೆ ಹರಡಿ ಬೆರಳಿಟ್ಟು ತೋರಿಸುತ್ತಿದ್ದುದು ನನಗೆ ಕಾಣುತ್ತಿತ್ತು. ವನಮಾಲಾ ಬಗ್ಗಿ ನೋಡಿದಳು, ಏನೋ ಕೇಳಿದಳು, ಮತ್ತೆ ಬಗ್ಗಿದಳು. ಆಮೇಲೆ ತಲೆಯೆತ್ತಿ ನೇರವಾಗಿ ನನ್ನ ಕಡೆ ತಿರುಗಿದಳು. ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ: ಸ್ಟೋರ್ ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಹಳೆಯ ಕಡತಗಳ ನಡುವೆ, ಯಾರೋ ಬಿಟ್ಟುಹೋಗಿದ್ದ ಒಂದು ಛತ್ರಿಯನ್ನು ಕಾರಣವಿಲ್ಲದೆ ಹಿಡಿದುಕೊಂಡು ಕಾಲು ಗಂಟೆ ನಿಂತಿದ್ದೆ. ಹೊರಗೆ ಬಂದಾಗ ಅವಳು ಹೋಗಿದ್ದಳು. “ಮೀಸಲು ಜಾಗ, ಆದರೆ ರಸ್ತೆ ಯಾವಾಗ, ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಅಂತ ಹೇಳಿದೆ,” ಎಂದಳು ಗುಮಾಸ್ತೆ. ಅವಳ ಮಟ್ಟಿಗೆ ಅದು ನಿಜವೇ.

ಅಗ್ರಿಮೆಂಟಿನ ಆ ಸೋಮವಾರ ಹತ್ತು ಗಂಟೆಯಿಂದ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದೆ. ಅದು ಮಿಸುಕಲಿಲ್ಲ. ಸುದ್ದಿ ತಿಳಿದದ್ದು ಮುಂದಿನ ತಿಂಗಳು, ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ: ಹೊಸ ಒಲೆ, ಉಕ್ಕುತ್ತಿರುವ ಹಾಲು, ರೇಷ್ಮೆ ಸೀರೆಯ ವನಮಾಲಾ, ಹಿಂದೆ ಕಿಟಕಿಯ ತುಂಬ ಹಸಿರು. ಗಿರೀಶ್ ಬೇಡವೆಂದರೂ, ಬರುತ್ತದೋ ಇಲ್ಲವೋ ಗೊತ್ತಿಲ್ಲದ ರಸ್ತೆಗೆ ಹೆದರಿ ಮನೆ ಬಿಡುವುದೇ ಎಂದು ಅವಳೇ ಹಟ ಹಿಡಿದು ತೆಗೆದುಕೊಂಡಳಂತೆ. ಗೃಹಪ್ರವೇಶಕ್ಕೆ ನಮಗೆ ಕರೆಯಿರಲಿಲ್ಲ. ಗಂಡ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, ನಮ್ಮ ಕಡೆಯವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ಹೋಗಿ ನನಗಿಷ್ಟವಾದ ಮೈಸೂರುಪಾಕು ತಂದ. ಬಾಯಿಗೆ ಹಾಕಿಕೊಂಡೆ, ರುಚಿ ತಿಳಿಯಲಿಲ್ಲ.

ಕರಡು ನಕ್ಷೆಯನ್ನು ಜನರ ಮುಂದಿಡುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ಬಂದ ಆಕ್ಷೇಪಗಳಲ್ಲಿ ಅತಿ ದಪ್ಪನೆಯ ಲಕೋಟೆ ವನಮಾಲಾಳದು. ವಿಚಾರಣೆಯ ದಿನ ನನಗೆ ಒಳಗೆ ಪ್ರವೇಶವಿರಲಿಲ್ಲ. ಮುಚ್ಚಿದ ಬಾಗಿಲಿನ ಆಚೆಯಿಂದ ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಳಗೆ ಅವಳು ಗೆದ್ದರೆ ನನ್ನ ಎರಡು ವರ್ಷ ಮಣ್ಣುಪಾಲು. ಸೋತರೆ ದಿಯಾಳ ಕಿಟಕಿಯೆದುರು ಲಾರಿಗಳು. ಯಾರ ಪರವಾಗಿ ದೇವರನ್ನು ಬೇಡಬೇಕೆಂದು ತಿಳಿಯದೆ ನೀರು ಕುಡಿಯುತ್ತ ಕೂತೆ.

ಆಮೇಲೆ ಸಮಿತಿ ಎರಡಕ್ಕೂ ನಡುವಿನ ದಾರಿ ಹುಡುಕಿತು: ರಸ್ತೆ ಬರುತ್ತದೆ, ಆದರೆ ಆಚೆಯ ಅಂಚಿಗೆ ಸರಿದು, ನಡುವೆ ಮರಗಳ ಪಟ್ಟಿ ಉಳಿಸಿಕೊಂಡು. ನನ್ನ ನಕ್ಷೆಗಿಂತ ಅದು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ಆದರೆ ವಿಚಾರಣೆಯ ದಿನ ಅದಿನ್ನೂ ಯಾರಿಗೂ ತಿಳಿದಿರಲಿಲ್ಲ. ಬಾಗಿಲು ತೆರೆಯಿತು. ವನಮಾಲಾ ಹೊರಬಂದವಳು ನನ್ನ ಮುಂದೆ ನಿಂತಳು.

“ನಿಂಗೆ ಆವತ್ತೇ ಗೊತ್ತಿತ್ತಲ್ವಾ?”

ಈಗ ಹೇಳಬಹುದಿತ್ತು. “ಗೊತ್ತಿತ್ತು.”

ಅವಳು ಕುರ್ಚಿ ಎಳೆದುಕೊಂಡು ಕೂತಳು. “ಎಷ್ಟು ಸಿಟ್ಟಿತ್ತು ಗೊತ್ತಾ? ಆಮೇಲೆ ಯೋಚ್ನೆ ಮಾಡ್ದೆ. ನೀನು ಹೇಳಿಬಿಟ್ಟಿದ್ರೆ ನಾವು ಬಿಡ್ತಿದ್ವಿ, ಇನ್ಯಾರೋ ತಗೋತಿದ್ರು. ಪಾಪ, ಅವರಿಗೆ ಪ್ಲಾನರ್ ಫ್ರೆಂಡ್ ಇರ್ತಿರಲಿಲ್ಲ.” ಬ್ಯಾಗನ್ನು ಮಡಿಲಿಗಿಟ್ಟುಕೊಂಡು, “ಸಿಟ್ಟು ಪೂರ್ತಿ ಹೋಗಿಲ್ಲ ಕಣೇ. ಸ್ವಲ್ಪ ಇಟ್ಕೊಂಡಿದ್ದೀನಿ,” ಎಂದಳು.

“ಇಟ್ಕೋ,” ಎಂದೆ.

ಪಕ್ಕದ ಮಾಮಕ್ ಅಂಗಡಿಗೆ, ಅಂದರೆ ಇಲ್ಲಿಯ ತಮಿಳು ಮುಸಲ್ಮಾನರ ಹೋಟೆಲಿಗೆ, ಹೋಗಿ ರೊಟ್ಟಿ, ಟೀ ಹೇಳಿದೆವು. ರೊಟ್ಟಿ ಮುರಿಯುತ್ತ ಅವಳು ಅತ್ತಿತ್ತ ನೋಡಿದಳು, ದನಿ ತಗ್ಗಿಸಿದಳು. “ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು. ಇದುವರೆಗೂ ಯಾರಿಗೂ ಹೇಳಿಲ್ಲ. ಗಿರೀಶ್‌ಗೂ.”

ಒಂದು ಗಂಟೆ ಮಾತಾಡಿದಳು. ಟೀ ಆರಿಹೋಯಿತು, ಇನ್ನೊಂದು ತರಿಸಿದೆವು, ಅದೂ ಆರಿತು. ಅವಳು ಹೇಳಿದ್ದೇನೆಂದು ಈಗ ನಿಮಗೂ ಕುತೂಹಲ. ಎದುರಿಗೆ ಕೂತು ನನ್ನ ಮುಖ ನೋಡುವಂತಿದ್ದರೆ ನಿಮಗೇ ತಿಳಿದುಬಿಡುತ್ತಿತ್ತೇನೋ. ಬರಹದಲ್ಲಿ ಮುಖ ಕಾಣುವುದಿಲ್ಲ, ಅದೊಂದು ಅನುಕೂಲ.