ಎರಡು ಆಷಾಢ ಮತ್ತು ಒಂದು ಸ್ಕೂಟರ್

ಪಂಚಾಂಗವನ್ನು ಮನೆಯಿಂದ ಗಡೀಪಾರು ಮಾಡಿದವನೇ ಪಂಚಾಂಗವನ್ನು ನಂಬಿ ಷೇರು ಕೊಂಡೆ ಎಂದರೆ ನೀವು ನಗುತ್ತೀರಿ, ನಗಿ. ರಾಹುಕಾಲದ ವಿರುದ್ಧ ಮೂವತ್ತು ವರ್ಷ ಭಾಷಣ ಮಾಡಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಿದ್ಯೆಯಿಂದ ಎಷ್ಟೋ ಎದುರಾಳಿಗಳ ಬಾಯಿ ಮುಚ್ಚಿಸಿದ್ದೇನೆ. ನನ್ನ ಬಾಯಿ ಮುಚ್ಚಿಸುವವರಿಲ್ಲದ್ದೇ ಅನರ್ಥಕ್ಕೆ ಕಾರಣವಾಯಿತು.

ಹತ್ತು ವರ್ಷದ ಹಿಂದಿನ ಮಾತು. ಆಗ ನಮ್ಮಂಥ ನಿವೃತ್ತರು ಬೆಳಿಗ್ಗೆ ಷೇರು ದಲ್ಲಾಳಿಯ ಕಚೇರಿಯಲ್ಲಿ ಸೇರುತ್ತಿದ್ದೆವು. ಗೋಡೆಯ ಟಿವಿಯಲ್ಲಿ ಕೆಂಪು ಹಸಿರು ಅಂಕಿಗಳು ಹರಿಯುತ್ತಿದ್ದವು. ಕೆಳಗೆ ಬೆಂಚಿನ ಮೇಲೆ ಅರ್ಧರ್ಧ ಲೋಟ ಕಾಫಿ, ಪೂರ್ತಿ ಹರಟೆ. ಈಗ ಮಾರುಕಟ್ಟೆ ಮೊಬೈಲಿನೊಳಗೆ ಅಡಗಿದೆ; ನಷ್ಟವನ್ನೂ ಒಬ್ಬೊಬ್ಬರೇ ಕೂತು ಅನುಭವಿಸಬೇಕು.

ಋತು ನೋಡಿ ಕೊಳ್ಳುವುದನ್ನು ನನಗೆ ಕಲಿಸಿದವಳು ಅಮ್ಮ. ಶಿವರಾತ್ರಿಯ ಹೊತ್ತಿಗೆ ಹೊಸ ಹುಣಸೆಹಣ್ಣು ಅಗ್ಗವಾದಾಗ ವರ್ಷಕ್ಕಾಗುವಷ್ಟು ತರಿಸಿ, ಬೀಜ ತೆಗೆದು, ಉಪ್ಪು ಬೆರೆಸಿ ಭರಣಿ ತುಂಬುತ್ತಿದ್ದಳು. ಅವಳು ಕೊಳ್ಳುತ್ತಿದ್ದುದು ಸಾರು ಮಾಡುವುದಕ್ಕೆ, ಮಾರುವುದಕ್ಕಲ್ಲ ಎಂಬ ವ್ಯತ್ಯಾಸ ಮಾತ್ರ ನನಗೆ ಹೊಳೆಯಲಿಲ್ಲ. ನನ್ನ ಸಿದ್ಧಾಂತ ಹೀಗಿತ್ತು: ಆಷಾಢದಲ್ಲಿ ಜನ ವಾಹನ ಕೊಳ್ಳುವುದಿಲ್ಲ, ಆಯುಧಪೂಜೆಗೆ ಮುಗಿಬೀಳುತ್ತಾರೆ, ಆದ್ದರಿಂದ ಆಷಾಢ ಮುಗಿಯುವಾಗ ಸ್ಕೂಟರ್ ಕಂಪನಿಯ ಷೇರು ಕೊಂಡು ದಸರೆಗೆ ಮಾರತಕ್ಕದ್ದು.

ಬೆಂಚಿನ ಗೆಳೆಯ, ಕೆಸರೆಯ ನಿಂಗಪ್ಪ ನಕ್ಕರು. "ಮೇಷ್ಟ್ರೇ, ಆಷಾಢ ಬರೋದು ನಿಮ್ಗೊಬ್ರಿಗೇ ಗೊತ್ತಾ? ಇಡೀ ಊರಿಗೇ ಗೊತ್ತು ಬುಡಿ."

ಅದನ್ನು ಅಪ್ರಸ್ತುತ ವಾದವೆಂದು ತಳ್ಳಿಹಾಕಿದೆ.

ದುಡ್ಡು ನನ್ನ ಹೆಂಡತಿ ಸಾವಿತ್ರಿಯದು. ಅವಳ ಮಂಡಿ ಸವೆಯತೊಡಗಿತ್ತು. ನಾವಿದ್ದ ದಟ್ಟಗಳ್ಳಿ ಬಡಾವಣೆಯಿಂದ ಪೇಟೆಗೆ ಬಸ್ ಹತ್ತಿಳಿಯುವುದು ಕಷ್ಟವಾಗಿತ್ತು. ಐವತ್ತೆಂಟರಲ್ಲಿ ಸ್ಕೂಟರ್ ಕಲಿತು, ಒಂದನ್ನು ಕೊಳ್ಳಲೆಂದೇ ಕೂಡಿಟ್ಟಿದ್ದಳು. "ದಸರೆಯವರೆಗೆ ತಾಳು, ಲಾಭವೂ ಸ್ಕೂಟರೂ ಒಟ್ಟಿಗೆ ಬರುತ್ತವೆ" ಎಂದು ಸಭೆಗೆ ಹೇಳುವಂತೆ ಹೇಳಿದೆ. ಒಪ್ಪಿದಳು.

ಷೇರು ಕೊಂಡ ಮೇಲೆ ಬೆಲೆ ದಿನದಿನಕ್ಕೂ ಜಾರಿತು. ಶ್ರಾವಣ ಬಂದರೂ ಜನ ಯಾಕೆ ಕೊಳ್ಳುತ್ತಿಲ್ಲವೆಂದು ಊಟದ ಹೊತ್ತಿಗೆ ಗೊಣಗಿದೆ.

"ಯಾವ ಶ್ರಾವಣ? ಈ ವರ್ಷ ಎರಡು ಆಷಾಢ ಕಣ್ರೀ. ಮುಗಿದಿದ್ದು ಅಧಿಕ ಆಷಾಢ. ನಿಜ ಆಷಾಢ ಈಗ ನಡೀತಿದೆ."

"ಮೊದಲೇ ಹೇಳಬಾರದಿತ್ತೇ?"

"ಪಂಚಾಂಗದ ಮಾತೆತ್ತಿದ್ರೆ ಭಾಷಣ ಶುರು ಮಾಡ್ತೀರಲ್ಲ!" ಎಂದು ಸಾರು ಬಡಿಸಿದಳು. ಆಮೇಲೆ ಮೆಲ್ಲಗೆ, "ಮಾರ್ಬುಡಿ. ನಂಗೆ ಬೇಕಾಗಿರೋದು ಸ್ಕೂಟರು, ಸ್ಕೂಟರ್ ಕಂಪನಿ ಅಲ್ಲ" ಎಂದಳು.

ಮಾರಿದೆ. ಕರಗಿದ್ದನ್ನು ನನ್ನ ಪಿಂಚಣಿಯಿಂದ ತುಂಬಿಕೊಟ್ಟೆ. ಷೋರೂಮಿನಲ್ಲಿ ನಮ್ಮಿಬ್ಬರ ಹೊರತು ಗಿರಾಕಿಗಳೇ ಇರಲಿಲ್ಲ.

"ಅಮ್ಮಾ, ಆಷಾಢ... ಇವತ್ತೇ ತಗೊಂಡೋಗ್ತೀರಾ?" ಎಂದು ಮಾರಾಟಗಾರ ಅನುಮಾನಿಸಿದ.

"ಒಳ್ಳೇ ದಿನ ಬರೋತನಕ ನನ್ ಮಂಡಿ ಕಾಯುತ್ತೇನಪ್ಪ?"

ಮೂವತ್ತು ವರ್ಷದ ನನ್ನ ಭಾಷಣಗಳಲ್ಲಿ ಇಷ್ಟು ಚಿಕ್ಕ, ಇಷ್ಟು ಗಟ್ಟಿ ವಾಕ್ಯ ಒಂದೂ ಇರಲಿಲ್ಲ.

ನಾಲ್ಕು ವರ್ಷ ಅವಳು ಊರೆಲ್ಲ ಓಡಾಡಿದಳು. ನಾನು ಹಿಂದೆ ಕೂತು ಚೀಲ ಹಿಡಿದೆ. ಆಮೇಲೆ ಮಂಡಿ ಒಪ್ಪಲಿಲ್ಲ. ಆ ಷೇರು ಕಾಲಕ್ರಮೇಣ ಚೆನ್ನಾಗಿ ಏರಿತೆಂದು ನಿಂಗಪ್ಪ ಇವತ್ತಿಗೂ ಚುಚ್ಚುತ್ತಾರೆ. ಏರಿರಬಹುದು. ನನಗೆ ಹೊಟ್ಟೆ ಉರಿಯುವುದು, ನನ್ನ ಸಿದ್ಧಾಂತ ಹಣ್ಣಾಗಲೆಂದು ಅವಳು ನಿಲ್ದಾಣದಲ್ಲಿ ಬಸ್ಸಿಗೆ ಕಾದು ನಿಂತ ಆ ಕೆಲವು ವಾರಗಳಿಗೆ.