ಅಟ್ಟದ ಇಲಿಗಳು ಸಾಯದ ವರ್ಷ

ಪುಣೆಯ ಭವಾನಿ ಪೇಠೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಈರಬಸಪ್ಪನ ತಾಯಿ ಕಾಶವ್ವ ಮುಂಜಾನೆ ಎದ್ದವಳೇ ಏಣಿ ಹತ್ತಿ ಅಟ್ಟ ನೋಡುತ್ತಿದ್ದಳು. ಅಲ್ಲಿ ಚೆಲ್ಲಿಟ್ಟ ಹಿಡಿ ಜೋಳ ಖಾಲಿಯಾಗಿದ್ದರೆ ಇಲಿಗಳು ಬದುಕಿವೆ, ಮನೆಗೆ ಪ್ಲೇಗು ಬಂದಿಲ್ಲ. ಇಲಿ ಸತ್ತು ಬಿದ್ದರೆ ಅಂದೇ ಮನೆ ಬಿಟ್ಟು ಊರಾಚೆಯ ಜೋಪಡಿ ಸೇರಬೇಕು. ಹಿಂದೊಮ್ಮೆ ಇಲಿ ಬಿದ್ದ ಮೇಲೂ ‘ನಾಳೆ ಹೋದರಾಯಿತು’ ಎಂದ ಗಂಡನನ್ನು ಅವಳು ಕಳೆದುಕೊಂಡಿದ್ದಳು.

ಆ ವರ್ಷ ಪಕ್ಕದ ವಾಡೆಯ ಗೋದಾಬಾಯಿಗೆ ಜ್ವರ ಬಂದು ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿತು. ಅಲ್ಲಿ ಒಂದು ಇಲಿಯೂ ಬಿದ್ದಿರಲಿಲ್ಲ. ಕಾಶವ್ವ ಅಟ್ಟ ಹತ್ತಿದಳು. ಜೋಳ ಖಾಲಿ. ತೊಲೆಯ ಮೇಲೆ ದಪ್ಪ ಇಲಿಯೊಂದು ಕುಳಿತು ಅವಳನ್ನೇ ನೋಡುತ್ತಿತ್ತು. ಅವಳು ದಡಬಡಿಸಿ ಏಣಿ ಇಳಿದಳು. ಕೆಳಗೆ ಸೊಸೆ ಗೌರಾಬಾಯಿ ತುಂಬಿದ ಬಸುರಿ.

“ಇಲಿ ಆರಾಮ ಅದಾವಲ್ರೀ ಅತ್ತಿ, ಮತ್ಯಾಕ ಅಂಜತೀರಿ? ಜೋಳಾ ಹಾಕಿ ಹಾಕಿ ಅವನ್ನ ನನಕಿಂತಾ ದಪ್ಪ ಮಾಡೀರಿ” ಎಂದಳು ಸೊಸೆ.

ಕಾಶವ್ವ ನಗಲಿಲ್ಲ. “ಮೊದಲನೇ ಪ್ಲೇಗಿನ್ಯಾಗ ರಾಶಿ ರಾಶಿ ಇಲಿ ಸತ್ತವು. ಎಲ್ಲೋ ನಾಕು ಉಳದವು. ಅವುಗಳ ಮೈಯಾಗ ಹುಟ್ಟಿನಿಂದನ ತಡಕೊಳ್ಳೂ ಗುಣ ಇದ್ದೀತು. ಸತ್ತವು ಮರಿ ಹಾಕಲಿಲ್ಲ, ಉಳದವು ಹಾಕಿದವು. ಪ್ಲೇಗು ಬಂದಾಗೊಮ್ಮೆ ಹಿಂಗ ಆತು. ಈಗ ಅಟ್ಟದಾಗ ಇರೂವು ಅವುಗಳ ಮಕ್ಕಳು, ಮೊಮ್ಮಕ್ಕಳು. ಬ್ಯಾನಿ ಬಂದರೂ ಇವು ಬೀಳೂದಿಲ್ಲ. ನಮಗ ಗೊತ್ತೂ ಆಗೂದಿಲ್ಲ.”

“ಹಂಗಾರ ನಮ್ಮ ಮನ್ಯಾಗೂ…” ಸೊಸೆ ತಲೆ ಎತ್ತಿ ಅಟ್ಟ ನೋಡಿದಳು.

“ಗೊತ್ತಿಲ್ಲವಾ. ಅದಕ್ಕ ಅಂಜಿಕಿ.”

ಈರಬಸಪ್ಪ ಗೊಣಗಿದ. “ಇಲಿ ಬೀಳದ ಮನಿ ಬಿಟ್ಟು ಹೋದರ ಪ್ಯಾಟ್ಯಾಗ ನಗತಾರಬೇ.”

“ನಗಲಿ. ನಗಿಸಿಕೊಳ್ಳಾಕರೆ ನಾವು ಉಳೀಬೇಕಲ್ಲೊ. ಚಕ್ಕಡಿ ಕಟ್ಟು.”

ತಟ್ಟಿ ಕಟ್ಟಿದ ಜೋಪಡಿಯಲ್ಲಿ, ನೆಲಕ್ಕೆ ಹಾಸಿದ ಗೋಣಿತಟ್ಟಿನ ಮೇಲೆಯೇ ಹೆಣ್ಣುಕೂಸು ಹುಟ್ಟಿತು. ಆಮೇಲೆ ಬಾಣಂತಿಯ ಮೈ ಕಾದ ಹಂಚಿನಂತೆ ಸುಡತೊಡಗಿತು. ಪ್ಲೇಗು ಮನೆಯಲ್ಲೇ ತಗುಲಿ ಜೊತೆಗೇ ಬಂದಿತೇ? ಕಾಶವ್ವ ಸೊಸೆಯ ಕಂಕುಳು ಒತ್ತಿ ನೋಡಿದಳು, ತೊಡೆಯ ಸಂದು ಒತ್ತಿದಳು, ಮತ್ತೆ ಕಂಕುಳಿಗೇ ಕೈ ತಂದಳು.

ಸೂಲಗಿತ್ತಿ ಭಾಮಾ ಅದು ಎದೆಯಲ್ಲಿ ಹಾಲು ಕಟ್ಟಿ ಬರುವ ಹಾಲಿನ ಜ್ವರವೆಂದು ಮರಾಠಿಯಲ್ಲಿ ಹೇಳಿ, ಅಷ್ಟು ಒತ್ತಿದರೆ ಇಲ್ಲದ ಗಡ್ಡೆಯೂ ಎದ್ದೀತು ಎಂದು ಗದರಿದಳು. ಕಾಶವ್ವ ನಂಬಲಿಲ್ಲ. ಅನ್ನ ಬಿಟ್ಟು ಸೊಸೆಯ ಪಕ್ಕದಲ್ಲೇ ಕುಳಿತಳು.

ಹಾಲು ಇಳಿದು ಜ್ವರ ಬಿಟ್ಟಿತು. ಗೌರಾಬಾಯಿ ಕಣ್ಣು ತೆರೆದು ಗಂಜಿ ಕೇಳಿದಳು. ಗಂಜಿ ಕುಡಿಸಿದ ಕಾಶವ್ವ ಕೂಸನ್ನು ಮಡಿಲಿಗೆ ತೆಗೆದುಕೊಂಡು ಅದರ ಬಟ್ಟೆ ಸರಿಸಿದಳು. ಹೆದರುತ್ತಲೇ, ಬೆರಳ ತುದಿಯಿಂದ, ಅದರ ಎಳೆಯ ಕಂಕುಳನ್ನೂ ಮುಟ್ಟಿ ನೋಡಿದಳು.